‘ಇಲ್ಲದಿದ್ದರೆ’ ಎಂಬ ದಾರಿ: ಅರ್ಜಿಗಳ ಕೆಲಸದಲ್ಲಿ ಷರತ್ತಿನ ನಿಯಮಗಳು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಅರ್ಜಿ ಬರುತ್ತದೆ, ಪರಿಶೀಲನೆ ಆಗುತ್ತದೆ, ಮಂಜೂರಾಗುತ್ತದೆ, ಹಣ ಪಾವತಿಯಾಗುತ್ತದೆ. ಸಂಘ ಸಂಸ್ಥೆಗಳ ಕೆಲಸ ಬಹುಮಟ್ಟಿಗೆ ಹೀಗೆ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾಗುತ್ತದೆ. ಈ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸುವ ತಂತ್ರಾಂಶಗಳಿಗೆ ವರ್ಕ್‌ಫ್ಲೋ ತಂತ್ರಾಂಶ ಎನ್ನುತ್ತಾರೆ. ಯಾವ ಅರ್ಜಿ ಯಾವ ಮೇಜಿಗೆ ಹೋಗಬೇಕೆಂದು ಅದಕ್ಕೆ ಹೇಳಿಕೊಡುವುದೇ ಷರತ್ತಿನ ನಿಯಮ. ಅದನ್ನು ಬರೆಯುವುದು ಹೇಗೆ ಎಂಬುದು ನನ್ನ ಇಂದಿನ ವಿಷಯ.

ನಾನು ಭಾಷೆಯ ಮೇಷ್ಟ್ರು, ಭಾಷೆಯಿಂದಲೇ ಆರಂಭಿಸುತ್ತೇನೆ. ನಮ್ಮ ‘ಷರತ್ತು’ ಎಂಬ ಪದ ಅರಬ್ಬಿಯ ‘ಶರ್ತ್’ ಮೂಲದ್ದು. ಉರ್ದು ವ್ಯಾಕರಣದಲ್ಲಿ ಇಂಥ ವಾಕ್ಯಕ್ಕೆ ಎರಡು ಭಾಗ: ಶರ್ತ್ ಮತ್ತು ಜಝಾ. ‘ಅಗರ್ ಬಾರಿಶ್ ಹುಯೀ’ ಎಂಬುದು ಶರ್ತ್, ‘ತೋ ಖೇಲ್ ನಹೀಂ ಹೋಗಾ’ ಎಂಬುದು ಜಝಾ. ಕನ್ನಡದಲ್ಲಿ ‘ಮಳೆ ಬಂದರೆ ಆಟ ನಡೆಯದು’ ಎನ್ನುತ್ತೇವೆ. ಇವೆರಡರ ಜೊತೆಗೆ ಇನ್ನೊಂದು ಮಾತಿದೆ: ‘ವರ್ನಾ’, ಅಂದರೆ ‘ಇಲ್ಲದಿದ್ದರೆ’. ಮಾತಿನಲ್ಲಿ ಅದನ್ನು ಬಿಟ್ಟರೂ ಕೇಳುವವರು ಊಹಿಸಿಕೊಳ್ಳುತ್ತಾರೆ. ಕಂಪ್ಯೂಟರ್ ಊಹಿಸುವುದಿಲ್ಲ.

ಒಂದು ವಿದ್ಯಾರ್ಥಿವೇತನ ಸಮಿತಿ ಇದೆ ಎಂದುಕೊಳ್ಳಿ. ಕುಟುಂಬದ ವಾರ್ಷಿಕ ಆದಾಯ 2,50,000 ರೂಪಾಯಿ ಮೀರಬಾರದು, ಅಂಕ ಶೇಕಡಾ 60ಕ್ಕೆ ಕಡಿಮೆ ಇರಬಾರದು ಎಂದು ಅದು ತೀರ್ಮಾನಿಸಿದೆ. ಪ್ರತಿ ನಿಯಮದಲ್ಲೂ ಮೂರು ಸಂಗತಿಗಳಿರುತ್ತವೆ: ಯಾವಾಗ, ಏನನ್ನು ನೋಡಬೇಕು, ಏನು ಮಾಡಬೇಕು. ಅರ್ಜಿ ಬಂದಾಗ, ಆದಾಯವನ್ನೂ ಅಂಕವನ್ನೂ ನೋಡಿ, ಎರಡೂ ಸರಿ ಇದ್ದರೆ ಸಂದರ್ಶನದ ಪಟ್ಟಿಗೆ ಸೇರಿಸು. ಮೈಕ್ರೋಸಾಫ್ಟಿನ ಪವರ್ ಆಟೋಮೇಟ್‌ನಲ್ಲಿ ‘ಕಂಡೀಶನ್’ ಎಂಬ ಹಂತವನ್ನು ಸೇರಿಸಿದರೆ ಎರಡು ಕವಲು ತೆರೆಯುತ್ತವೆ, ಷರತ್ತು ನಿಜವಾದರೆ ಒಂದು, ಸುಳ್ಳಾದರೆ ಇನ್ನೊಂದು. ಎರಡನೆಯದನ್ನು ಖಾಲಿ ಬಿಟ್ಟರೂ ತಂತ್ರಾಂಶ ತಕರಾರು ಮಾಡುವುದಿಲ್ಲ. ಆ ಕವಲಿಗೆ ಹೋದ ಅರ್ಜಿಯ ಬಗ್ಗೆ ಯಾರಿಗೂ ಸುದ್ದಿ ತಲುಪುವುದಿಲ್ಲ, ಅಷ್ಟೆ.

ನಿಯಮ ಬರೆಯುವಾಗ ಮೂರು ಎಚ್ಚರಿಕೆಗಳು ಬೇಕು. ಮೊದಲನೆಯದು ‘ಮತ್ತು’, ‘ಅಥವಾ’ ಎಂಬ ಸಣ್ಣ ಪದಗಳದ್ದು. ‘ಅನಾಥರಿಗೆ ಮತ್ತು ಅಂಗವಿಕಲರಿಗೆ ರಿಯಾಯಿತಿ’ ಎಂದು ನಾವು ನಡಾವಳಿಯಲ್ಲಿ ಬರೆಯುತ್ತೇವೆ. ಅದನ್ನೇ ‘ಮತ್ತು’ ಹಾಕಿ ನಿಯಮ ಮಾಡಿದರೆ, ಅನಾಥರೂ ಅಂಗವಿಕಲರೂ ಎರಡೂ ಆಗಿರುವ ಮಗುವನ್ನು ಮಾತ್ರ ಕಂಪ್ಯೂಟರ್ ಹುಡುಕುತ್ತದೆ. ಅಲ್ಲಿ ಬೇಕಾದದ್ದು ‘ಅಥವಾ’.

ಎರಡನೆಯದು ಅನುಕ್ರಮ. 85ಕ್ಕೂ ಮೇಲೆ ಪೂರ್ಣ ಶುಲ್ಕ, 60ಕ್ಕೂ ಮೇಲೆ ಅರ್ಧ ಶುಲ್ಕ ಎಂದಿರಲಿ. ಎಕ್ಸೆಲ್‌ನ ‘ಇಫ್’ ಸೂತ್ರಗಳನ್ನು ಒಂದರೊಳಗೊಂದು ಬರೆದಾಗ, ಮೊದಲು ನಿಜವಾದ ಷರತ್ತಿಗೇ ಲೆಕ್ಕ ನಿಲ್ಲುತ್ತದೆ. 60ರ ಷರತ್ತನ್ನು ಮೊದಲು ಬರೆದರೆ 92 ಪಡೆದ ಹುಡುಗಿಗೂ ಅರ್ಧ ಶುಲ್ಕವೇ ಗತಿ.

ಮೂರನೆಯದು ಅಂಚು. ‘ಎರಡೂವರೆ ಲಕ್ಷದ ಒಳಗೆ’ ಎಂದರೆ ಸರಿಯಾಗಿ ಎರಡೂವರೆ ಲಕ್ಷ ಇದ್ದವರು ಒಳಗೋ ಹೊರಗೋ? ಇದನ್ನು ತಂತ್ರಾಂಶ ಹೊಂದಿಸುವ ಹುಡುಗ ತೀರ್ಮಾನಿಸಬಾರದು, ಸಮಿತಿ ತೀರ್ಮಾನಿಸಬೇಕು.

ಇದಕ್ಕಿಂತ ಸೂಕ್ಷ್ಮವಾದ ಒಂದು ಸಂಗತಿ ಹೇಳುತ್ತೇನೆ. ಎಕ್ಸೆಲ್ ಮತ್ತು ಗೂಗಲ್ ಶೀಟ್ಸ್ ಎರಡೂ ಹೋಲಿಕೆ ಮಾಡುವಾಗ ಖಾಲಿ ಕೋಶವನ್ನು ಸೊನ್ನೆ ಎಂದು ಎಣಿಸುತ್ತವೆ, ಅಕ್ಷರ ಬೆರೆತ ಬರಹವನ್ನು ಯಾವ ಸಂಖ್ಯೆಗಿಂತಲೂ ದೊಡ್ಡದೆಂದು ಎಣಿಸುತ್ತವೆ. ಆದಾಯದ ಕಾಲಂ ಖಾಲಿ ಬಿಟ್ಟವನು ‘ಅರ್ಹ’. ‘90000 ರೂಪಾಯಿ ಮಾತ್ರ’ ಎಂದು ಪ್ರಾಮಾಣಿಕವಾಗಿ ಬರೆದ ಕೂಲಿ ಕಾರ್ಮಿಕನ ಮಗಳು ‘ಅನರ್ಹ’. ಪರದೆಯ ಮೇಲೆ ಯಾವ ದೋಷವೂ ಕಾಣುವುದಿಲ್ಲ.

ನಿಯಮ ತಪ್ಪಿದರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಆಸ್ಟ್ರೇಲಿಯಾದ ಒಂದು ನಿದರ್ಶನವಿದೆ. ಜನ ಅದನ್ನು ‘ರೋಬೊಡೆಟ್’ ಎಂದು ಕರೆದರು. ಸರ್ಕಾರದಿಂದ ಭತ್ಯೆ ಪಡೆದವರ ವರ್ಷದ ಆದಾಯವನ್ನು ಎರಡು ವಾರಗಳ ಕಂತುಗಳಿಗೆ ಸಮನಾಗಿ ಹಂಚಿ, ಅವರು ಹೇಳಿದ್ದಕ್ಕಿಂತ ಅದು ಹೆಚ್ಚಿದ್ದರೆ ‘ನೀವು ಬಾಕಿದಾರರು’ ಎಂದು 2016ರಿಂದ ಕಂಪ್ಯೂಟರ್ ಲೆಕ್ಕದ ಮೇಲೆ ನೋಟಿಸುಗಳು ಹೋದವು. ಆರು ತಿಂಗಳು ದುಡಿದು, ಉಳಿದ ಆರು ತಿಂಗಳು ಕೆಲಸವಿಲ್ಲದೆ ಭತ್ಯೆ ಪಡೆದವನು ಈ ಲೆಕ್ಕದಲ್ಲಿ ವರ್ಷವಿಡೀ ದುಡಿದವನಂತೆ ಕಂಡ. ಬಾಕಿ ಇಲ್ಲವೆಂದು ಸಾಬೀತು ಮಾಡುವ ಹೊರೆ ಅವನ ತಲೆಯ ಮೇಲೇ ಬಿತ್ತು. 2019ರಲ್ಲಿ ನ್ಯಾಯಾಲಯದ ಮುಂದೆ ಇದು ಕಾನೂನುಬಾಹಿರವೆಂದು ಸರ್ಕಾರ ಒಪ್ಪಿತು. ಸುಮಾರು 4,70,000 ಬಾಕಿಗಳಿಗೆ ಸಂಬಂಧಿಸಿದ 72.1 ಕೋಟಿ ಡಾಲರ್ ಹಿಂದಿರುಗಿಸುವುದಾಗಿ 2020ರಲ್ಲಿ ಘೋಷಿಸಿತು. 2023ರಲ್ಲಿ ರಾಯಲ್ ಕಮಿಷನ್ ಈ ಯೋಜನೆಯನ್ನು ಕಟುವಾಗಿ ಖಂಡಿಸಿ ವರದಿ ನೀಡಿತು. ಕಂಪ್ಯೂಟರ್ ತನಗೆ ಹೇಳಿದ್ದನ್ನು ಸರಿಯಾಗಿಯೇ ಮಾಡಿತ್ತು. ಷರತ್ತು ತಪ್ಪಾಗಿತ್ತು.

ಹಾಗಾದರೆ ನಾವು ಮಾಡಬೇಕಾದದ್ದೇನು? ನಿಯಮವನ್ನು ಮೊದಲು ಕಾಗದದ ಮೇಲೆ, ಎಲ್ಲರಿಗೂ ತಿಳಿಯುವ ಕನ್ನಡದಲ್ಲೋ ಉರ್ದುವಿನಲ್ಲೋ ಬರೆಯಿರಿ. ಸಮಿತಿ ಅದನ್ನು ಓದಿ ರುಜು ಹಾಕಲಿ. ಆದಾಯ ಕೇಳುವಲ್ಲಿ ಅಂಕಿ ಮಾತ್ರ ಬರೆಯಲು ಬರುವಂತೆ ಮಾಡಿ, ಗೂಗಲ್ ಫಾರ್ಮ್ಸ್‌ನಲ್ಲಿ ಆ ಸೌಲಭ್ಯವಿದೆ. ಆ ಪ್ರಶ್ನೆಗೆ ಉತ್ತರ ಕಡ್ಡಾಯ ಮಾಡಿ. ನಿಜವಾದ ಅರ್ಜಿಗಳು ಬರುವ ಮೊದಲು ಹತ್ತು ಸುಳ್ಳು ಅರ್ಜಿಗಳನ್ನು ನೀವೇ ತುಂಬಿ ಕಳಿಸಿ: ಒಂದರಲ್ಲಿ ಆದಾಯ ಸರಿಯಾಗಿ ಮಿತಿಯಷ್ಟೇ ಇರಲಿ, ಒಂದರಲ್ಲಿ ಅಂಕ ಸರಿಯಾಗಿ 60 ಇರಲಿ, ಒಂದರಲ್ಲಿ ದಾಖಲೆ ಇಲ್ಲದಿರಲಿ. ಅವು ಎಲ್ಲಿಗೆ ಹೋಗುತ್ತವೆ ನೋಡಿ.

ಎಲ್ಲಕ್ಕಿಂತ ಮುಖ್ಯವಾಗಿ ಎರಡು ಪಟ್ಟಿಯ ಬದಲು ಮೂರು ಪಟ್ಟಿ ಇಡಿ: ಅರ್ಹ, ಅನರ್ಹ, ‘ನೋಡಬೇಕು’. ಆದಾಯ ಪ್ರಮಾಣಪತ್ರ ಇಲ್ಲದಿದ್ದರೆ ‘ತಿರಸ್ಕರಿಸು’ ಎನ್ನಬೇಡಿ, ‘ಅರ್ಜಿದಾರರಿಗೆ ತಿಳಿಸು, ಏಳು ದಿನ ಕಾಯಿ, ಆಮೇಲೆ ಕಾರ್ಯದರ್ಶಿಯ ಮೇಜಿಗೆ ಕಳಿಸು’ ಎನ್ನಿ. ಮಂಜೂರಾತಿಯ ದಾರಿಯನ್ನು ಯಂತ್ರ ಸುಲಭ ಮಾಡಲಿ. ತಿರಸ್ಕಾರವನ್ನು ಮಾತ್ರ ಒಬ್ಬ ಮನುಷ್ಯ ಓದಿ, ಕಾರಣ ಬರೆದು, ತನ್ನ ಹೆಸರು ಹಾಕಿ ಮಾಡಲಿ.

ವಿದ್ಯಾರ್ಥಿ ಮಿತ್ರರೇ, ನಾಳೆ ನಿಮ್ಮಲ್ಲಿ ಹಲವರು ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಆಸ್ಪತ್ರೆಗಳಲ್ಲಿ ಇಂಥ ನಿಯಮಗಳನ್ನು ಬರೆಯುವವರು. ಕೋಡಿಂಗ್ ಬಾರದಿದ್ದರೂ ಈ ಕೆಲಸ ಬರುತ್ತದೆ. ಇದಕ್ಕೆ ಬೇಕಾದದ್ದು ಸ್ಪಷ್ಟವಾದ ಭಾಷೆ ಮತ್ತು ನಿಮ್ಮ ಎದುರಿಗಿಲ್ಲದ ಅರ್ಜಿದಾರರ ನೆನಪು. ‘ಇದ್ದರೆ’ ಎಂದು ಬರೆದ ಕೈ ‘ಇಲ್ಲದಿದ್ದರೆ’ ಎಂಬುದನ್ನೂ ಬರೆದು ಮುಗಿಸಲಿ.