ಮುಖ ಒಂದೇ, ಬೆನ್ನು ಮೂರು

ಹಳೆಯ ಚಿನ್ನದ ನಾಣ್ಯಗಳನ್ನು ಕೂಡಿಡುವ ಆಸೆ ಹುಟ್ಟಿದವರು ಮೊದಲು ಕೇಳುವುದು ಎರಡೇ ಪ್ರಶ್ನೆ. ಚಿನ್ನ ಎಷ್ಟು ಕ್ಯಾರೆಟ್ಟಿನದು? ಯಾವ ಕಾಲದ್ದು? ಇವೆರಡನ್ನೇ ನೆಚ್ಚಿಕೊಂಡು ಅಂಗಡಿಗೆ ಹೋದವರು ಸುಲಭವಾಗಿ ಮೋಸಹೋಗುತ್ತಾರೆ. ಅಪ್ಪಟ ಚಿನ್ನದಲ್ಲೇ ನಕಲಿ ವರಾಹ ನಾಣ್ಯ ಮಾಡುವವರಿದ್ದಾರೆ. ಒರೆಗಲ್ಲಿಗೆ ಉಜ್ಜಿದರೆ ಅದು ಸಿಕ್ಕಿಬೀಳುವುದಿಲ್ಲ. ಅದನ್ನು ಗುರುತಿಸಲು ನಾಣ್ಯದ ಚರಿತ್ರೆ ಗೊತ್ತಿರಬೇಕು. ಹಾಗಾಗಿ ಇವತ್ತು ಕನ್ನಡ ನಾಡಿನ ಚಿನ್ನದ ನಾಣ್ಯಗಳು ನಡೆದುಬಂದ ದಾರಿಯನ್ನು ಹೇಳುತ್ತಲೇ, ಹೊಸಬರು ಯಾವುದನ್ನು ಆರಿಸಿಕೊಳ್ಳಬಹುದು ಎಂಬುದನ್ನೂ ಹೇಳುತ್ತೇನೆ.

ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು ಗದ್ಯಾಣವೆಂಬ ಚಿನ್ನದ ನಾಣ್ಯದ್ದು. ಹೊಯ್ಸಳ ವಿಷ್ಣುವರ್ಧನ 1116ರ ಸುಮಾರಿಗೆ ಚೋಳರಿಂದ ತಲಕಾಡನ್ನು ಗೆದ್ದುಕೊಂಡ. ಆ ಗೆಲುವನ್ನು ನಾಣ್ಯಕ್ಕೂ ಏರಿಸಿದ: ಒಂದು ಬದಿಯಲ್ಲಿ ಸಿಂಹ, ಇನ್ನೊಂದು ಬದಿಯಲ್ಲಿ ಕನ್ನಡ ಅಕ್ಷರಗಳಲ್ಲೇ ‘ಶ್ರೀ ತಳಕಾಡುಗೊಂಡ’. ಸುಮಾರು 4 ಗ್ರಾಂ ತೂಗುವ ಈ ಗದ್ಯಾಣವನ್ನು ಕಂಡರೆ ಯಾವ ಕನ್ನಡಿಗನಿಗೂ ಮನಸ್ಸು ಹೋಗುತ್ತದೆ. ಆದರೆ ಇದು ಅಪರೂಪ, ದುಬಾರಿ. ಹೊಸಬರು ಇದನ್ನು ಸಂಗ್ರಹಾಲಯದಲ್ಲಿ ನೋಡಿ ಬರುವುದೇ ಸರಿ.

ವಿಜಯನಗರದ ಕಾಲಕ್ಕೆ ಬಂದರೆ ವ್ಯವಸ್ಥೆ ಅಚ್ಚುಕಟ್ಟಾಗುತ್ತದೆ. ವರಾಹ ಸುಮಾರು 3.4 ಗ್ರಾಂ. ಅದರ ಅರ್ಧ ಪ್ರತಾಪ. ವರಾಹದ ಹತ್ತನೇ ಒಂದು ಭಾಗ ಹಣ, ಗಾತ್ರದಲ್ಲಿ ತೊಗರಿಬೇಳೆಯಷ್ಟೇ. 1443ರಲ್ಲಿ ರಾಜಧಾನಿಗೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಇವುಗಳಲ್ಲೆಲ್ಲ ಹೆಚ್ಚು ಬಳಕೆಗೆ ಬರುವುದು ಹಣವೇ ಎಂದು ಬರೆದಿಟ್ಟಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಇನ್ನೂ ಹತ್ತಿರದಿಂದ ನೋಡಿದವನು. ಹಿಂದಿನ ಅರಸರ ಕೆಲವು ನಾಣ್ಯಗಳಲ್ಲಿ ಎರಡು ಬಿಂಬಗಳಿವೆ, ಈಗಿನ ಅರಸನದರಲ್ಲಿ ಒಂದೇ ಬಿಂಬ ಎನ್ನುತ್ತಾನೆ. ಇಮ್ಮಡಿ ಹರಿಹರನ ಕಾಲದಿಂದ ಉಮಾಮಹೇಶ್ವರ, ಲಕ್ಷ್ಮೀನಾರಾಯಣ ಹೀಗೆ ಜೋಡಿಯಾಗಿ ಕುಳಿತ ದೇವರುಗಳು ಬಂದರೆ, ಕೃಷ್ಣದೇವರಾಯನ ವರಾಹದಲ್ಲಿ ಬೆಣ್ಣೆ ಹಿಡಿದ ಬಾಲಕೃಷ್ಣನೆಂದು ಜನ ಗುರುತಿಸುವ ಒಂದೇ ಮೂರ್ತಿ. ಹಿಂಬದಿಯಲ್ಲಿ ನಾಗರಿ ಲಿಪಿಯಲ್ಲಿ ‘ಶ್ರೀ ಪ್ರತಾಪ ಕೃಷ್ಣರಾಯ’. ಯಾರಾದರೂ ದಂಪತಿ ಬಿಂಬದ ವರಾಹವನ್ನು ತೋರಿಸಿ ಕೃಷ್ಣದೇವರಾಯನದು ಎಂದರೆ, ಬೆಲೆ ಮಾತಾಡುವ ಮೊದಲು ಹಿಂಬದಿಯ ಹೆಸರನ್ನು ಓದಿಸಿ. ಅಚ್ಯುತರಾಯನದನ್ನಂತೂ ತಪ್ಪಿಯೂ ಬೇರೆಯವರದೆನ್ನಲಾಗದು. ಅಲ್ಲಿ ಗಂಡಭೇರುಂಡ ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಹಿಡಿದಿದೆ.

1565ರ ಯುದ್ಧದಲ್ಲಿ ವಿಜಯನಗರ ಸೋತಿತು, ವರಾಹ ಸೋಲಲಿಲ್ಲ. ವ್ಯಾಪಾರಿಗಳು ಆ ತೂಕವನ್ನೂ ಆ ಬಿಂಬಗಳನ್ನೂ ನಂಬಿದ್ದರು. ಹೊಸ ಒಡೆಯರು ಬಂದಾಗಲೂ ಸಂತೆಯಲ್ಲಿ ಚಲಾವಣೆಯಾಗಬೇಕಾದರೆ ಹಳೆಯ ರೂಪವೇ ಬೇಕಿತ್ತು. ಮದರಾಸಿನ ಈಸ್ಟ್ ಇಂಡಿಯಾ ಕಂಪನಿಯವರೂ ದೇವರ ಬಿಂಬವಿರುವ ವರಾಹಗಳನ್ನೇ ಟಂಕಿಸಿದರು. ಹಿಂಬದಿಯಲ್ಲಿ ನಕ್ಷತ್ರವಿದ್ದುದಕ್ಕೆ ಒಂದು ಬಗೆಗೆ ಸ್ಟಾರ್ ಪಗೋಡ ಎಂದೇ ಹೆಸರಾಯಿತು.

ಹೊಸ ಸಂಗ್ರಾಹಕರಿಗೆ ನಾನು ಹೇಳುವ ಆಯ್ಕೆ ಇರುವುದು ಇಲ್ಲೇ. ಮೂರು ವರಾಹಗಳನ್ನು ಸಾಲಾಗಿ ಇಡಿ. ಮೊದಲನೆಯದು ಕೆಳದಿ ನಾಯಕರದು, ಇಕ್ಕೇರಿ ವರಾಹ. ಮುಂಬದಿಯಲ್ಲಿ ಶಿವ ಪಾರ್ವತಿಯರು, ಶಿವನ ಕೈಯಲ್ಲಿ ತ್ರಿಶೂಲ ಮತ್ತು ಜಿಂಕೆ. ಹಿಂಬದಿಯಲ್ಲಿ ನಾಗರಿಯಲ್ಲಿ ‘ಶ್ರೀ ಸದಾಶಿವ’. 1763ರಲ್ಲಿ ಹೈದರ್ ಅಲಿ ಕೆಳದಿಯವರ ರಾಜಧಾನಿ ಬಿದನೂರನ್ನು ಗೆದ್ದ. ಅವನು ಟಂಕಿಸಿದ ಬಹಾದುರಿ ವರಾಹ ಎರಡನೆಯದು. ಮುಂಬದಿಯಲ್ಲಿ ಅದೇ ಶಿವ, ಅದೇ ಪಾರ್ವತಿ. ತಿರುಗಿಸಿದರೆ ಚುಕ್ಕಿಗಳ ನಡುವೆ ಒಂದೇ ಒಂದು ಪಾರ್ಸಿ ಅಕ್ಷರ, ಅವನ ಹೆಸರಿನ ಮೊದಲಕ್ಷರ. ಟಿಪ್ಪು ದೇವರ ಬಿಂಬವನ್ನು ಬಿಟ್ಟ, ತಂದೆಯ ಅಕ್ಷರವನ್ನು ಉಳಿಸಿಕೊಂಡ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ಐದು ವರ್ಷದ ಬಾಲಕನಾಗಿ ಪಟ್ಟಕ್ಕೆ ಬಂದರು. ಅವರ ವರಾಹ ಮೂರನೆಯದು. ಶಿವ ಪಾರ್ವತಿಯರು ಮತ್ತೆ ಬಂದರು, ಹಿಂಬದಿಯಲ್ಲಿ ‘ಶ್ರೀ ಕೃಷ್ಣರಾಜ’. ರಾಜ್ಯ ಮೂರು ಕೈ ದಾಟಿತು, ಈ ಮೂರು ವರಾಹಗಳ ಮುಖ ಬದಲಾಗಲಿಲ್ಲ. ಈ ಮೂರೂ ತೀರಾ ಅಪರೂಪದವಲ್ಲ. ನಾಣ್ಯದ ಹರಾಜುಗಳಲ್ಲಿ ಆಗಾಗ ಬರುತ್ತಿರುತ್ತವೆ.

ಇನ್ನು ಕೊಳ್ಳುವ ಮಾತು. ಗ್ರಾಮಿನ ನೂರನೇ ಭಾಗವನ್ನೂ ತೋರಿಸುವ ಪುಟ್ಟ ತಕ್ಕಡಿಯೊಂದು ಜೊತೆಗಿರಲಿ. ವರಾಹ 3.4 ಗ್ರಾಮಿನ ಆಸುಪಾಸಿನಲ್ಲಿ ಇಲ್ಲದಿದ್ದರೆ ಕಾರಣ ಕೇಳಿ. ಆಮೇಲೆ ಭೂತಗನ್ನಡಿ ಹಿಡಿಯಿರಿ. ಅಚ್ಚಿನಿಂದ ಹೊಡೆದ ನಾಣ್ಯದ ಗೆರೆ ಚೂಪಾಗಿರುತ್ತದೆ. ಎರಕ ಹೊಯ್ದದ್ದಾದರೆ ಮೈಮೇಲೆ ಸಣ್ಣ ಗುಳಿಗಳು, ಅಂಚಿನಲ್ಲಿ ಜೋಡಣೆಯ ಗೆರೆ ಕಾಣಬಹುದು. ಅಕ್ಷರ ಅರ್ಧ ಕತ್ತರಿಸಿಹೋಗಿದೆ ಎಂದು ಅನುಮಾನಪಡಬೇಕಾಗಿಲ್ಲ. ಆಗ ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಬಿಂಬವೂ ಹೆಸರೂ ಪೂರ್ತಿ ಕೂತಿದ್ದರೆ ಅದಕ್ಕೇ ಬೆಲೆ ಹೆಚ್ಚು. ಸರಕ್ಕೆ ಪೋಣಿಸಲು ಕೊಂಡಿ ಬೆಸೆದು ತೆಗೆದ ಗುರುತಿದ್ದರೆ ಬೆಲೆ ಇಳಿಯುತ್ತದೆ. ಮನೆಗೆ ತಂದ ಮೇಲೆ ಒಡವೆ ತೊಳೆದ ಹಾಗೆ ಅಂಟುವಾಳದ ನೊರೆಯಲ್ಲಿ ಉಜ್ಜಬೇಡಿ, ಹೊಳಪಿಗೆಂದು ಅಕ್ಕಸಾಲಿಗನ ಕೈಗೂ ಕೊಡಬೇಡಿ. ಸವೆದ ಗೆರೆ ಮರಳಿ ಬರುವುದಿಲ್ಲ. ರಾಮಟಂಕಿ ಎಂದು ಮಾರುವ ಪಟ್ಟಾಭಿಷೇಕದ ಬಿಲ್ಲೆಗಳು ಪೂಜೆಗೆ ಮಾಡಿದವು, ಚಲಾವಣೆಯ ನಾಣ್ಯಗಳಲ್ಲ ಎಂಬುದೂ ನೆನಪಿರಲಿ.

ಕಾನೂನನ್ನೂ ತಿಳಿದಿರಬೇಕು. 1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು. ಅದನ್ನು ಮಾರುವ ವ್ಯಾಪಾರಿಗೆ ಪರವಾನಗಿ ಬೇಕು, ನಿಮಗೆ ರಸೀದಿ ಬೇಕು. ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಲ್ಲಿರುವ ಮಗನಿಗೆ ಉಡುಗೊರೆಯಾಗಿ ಕಳಿಸಿದರೂ ತಪ್ಪೇ. ಹೊಲ ಉಳುವಾಗ ಸಿಕ್ಕಿತು ಎಂದು ಗುಟ್ಟಾಗಿ ಮಾರಲು ಬಂದವರಿಂದ ದೂರವಿರಿ. ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು, ಮತ್ತು ಆ ಮಾತು ಹೇಳುವವರ ಕೈಯಲ್ಲಿ ಇರುವುದು ಬಹಳ ಸಲ ನಕಲಿಯೇ.

ಇಷ್ಟೆಲ್ಲ ಪರೀಕ್ಷೆ ಈಗಲೇ ಕಷ್ಟ ಅನ್ನಿಸಿದರೆ ಬ್ರಿಟಿಷರ ಚಿನ್ನದ ಪವನಿನಿಂದ ಶುರುಮಾಡಬಹುದು. 22 ಕ್ಯಾರೆಟ್, 7.98 ಗ್ರಾಂ, ಇಸವಿ ಅದರ ಮೇಲೇ ಇರುತ್ತದೆ. 1918ರಲ್ಲಿ ಮಾತ್ರ ಬೊಂಬಾಯಿಯ ಟಂಕಸಾಲೆಯಲ್ಲೂ ಪವನ್ ಟಂಕಿಸಿದ್ದರು. ಹಿಂಬದಿಯ ಕುದುರೆಯ ಕಾಲಡಿಯ ನೆಲದಲ್ಲಿ ಇಂಗ್ಲಿಷಿನ ಸಣ್ಣ ‘ಐ’ ಅಕ್ಷರ ಇದ್ದರೆ ಅದು ನಮ್ಮ ದೇಶದ್ದು. ಅಜ್ಜಿಯ ಪೆಟ್ಟಿಗೆಯಲ್ಲಿ ಪವನ್ ಇದ್ದವರು ಒಮ್ಮೆ ನೋಡಿ.

ವರಾಹವೇ ಬೇಕೆನ್ನುವವರು ಮೊದಲು ಉಡುಪಿಯಲ್ಲಿ ಬ್ಯಾಂಕ್ ಸ್ಥಾಪಕ ಹಾಜಿ ಅಬ್ದುಲ್ಲಾ ಅವರ ಹಳೆಯ ಮನೆಯಲ್ಲಿರುವ ನಾಣ್ಯ ಸಂಗ್ರಹಾಲಯಕ್ಕೆ ಹೋಗಿ ಅಸಲಿಯನ್ನು ಕಣ್ಣಿಗೆ ರೂಢಿಮಾಡಿಕೊಳ್ಳಿ. ಡಾ. ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಬಗ್ಗೆ ಬರೆದದ್ದನ್ನು ಓದಿ. ಆಮೇಲೆ ಕಾಲವನ್ನು ಹಿಮ್ಮುಖವಾಗಿ ಹಿಡಿಯಿರಿ: ಮೊದಲು ಮುಮ್ಮಡಿಯವರದು, ಆಮೇಲೆ ಹೈದರನದು, ಕೊನೆಗೆ ಇಕ್ಕೇರಿಯದು. ಮೂರನೆಯದನ್ನು ಕೊಳ್ಳುವ ಹೊತ್ತಿಗೆ ಅಂಗಡಿಯವನ ವಿವರಣೆ ನಿಮಗೆ ಬೇಕಾಗುವುದಿಲ್ಲ. ನಾಣ್ಯವನ್ನು ತಿರುಗಿಸಿ ನೀವೇ ಓದುತ್ತೀರಿ.