ಬಾವು ಏರುವುದು, ಬಾವು ಇಳಿಯುವುದು
(ಯಡ್ರಾಮಿ ಭಾಗದ ರೈತರಿಗಾಗಿ ಮಾಡಿದ ಭಾಷಣ)



ತೊಗರಿ ಕೊಯ್ದ ಹೊಲದಲ್ಲಿ ಬರಿಗಾಲಲ್ಲಿ ನಡೆದು ಕೂಳೆ ಚುಚ್ಚಿಸಿಕೊಳ್ಳದವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ? ಚುಚ್ಚಿದ ಜಾಗ ಸಂಜೆಯೊಳಗೆ ಕೆಂಪಾಗಿ, ಬಿಸಿಯಾಗಿ, ಬಾತು ನೋಯುತ್ತದೆ. (ಧನುರ್ವಾತದ ಸೂಜಿ ಹಾಕಿಸುವುದನ್ನು ಮರೆಯಬೇಡಿರಿ, ಅದು ಬೇರೆ ಮಾತು.) ಈ ಬಾವು ಮೈಯ ಕಾವಲುಗಾರರ ಕೆಲಸ. ಬಣವೆಗೆ ಬೆಂಕಿ ಬಿದ್ದು ಕೂಗು ಹಾಕಿದರೆ ಊರೇ ಕೊಡ ಹಿಡಿದು ಓಡಿ ಬರುವಂತೆ, ರಕ್ತದ ಬಿಳಿ ಕಣಗಳು ಗಾಯದೆಡೆಗೆ ಓಡಿ ಬಂದು ಕ್ರಿಮಿಗಳನ್ನು ಕೊಲ್ಲುತ್ತವೆ.

ಆದರೆ ಬೆಂಕಿ ಆರಿದ ಮೇಲೂ ಜನ ಮನೆಗೆ ಹಿಂದಿರುಗದೆ ತುಳಿದಾಡಿದರೆ ಉಳಿದ ಮೇವೂ ಹಾಳು. ಆದ್ದರಿಂದ ಕೂಗು ನಿಲ್ಲಿಸುವ ಏರ್ಪಾಡೂ ಜೀವಕೋಶದೊಳಗೇ ಇದೆ. ಅಲ್ಲಿ ಎನ್‌ಎಫ್-ಕಪ್ಪಾ-ಬಿ ಎಂಬ ಸಸಾರಜನಕ ವಸ್ತುವನ್ನು ಇನ್ನೊಂದು ವಸ್ತು ಕಣ್ಣಿ ಹಾಕಿದಂತೆ ಕಟ್ಟಿಹಾಕಿರುತ್ತದೆ. ಅಪಾಯದ ಸುದ್ದಿ ಬಂದೊಡನೆ ಕಣ್ಣಿ ಹರಿಯುತ್ತದೆ. ಬಿಡಿಸಿಕೊಂಡ ವಸ್ತು ಕೋಶದ ಕೇಂದ್ರಕ್ಕೆ ಹೋಗಿ ಬಾವಿಗೆ ಅಪ್ಪಣೆ ಕೊಡುತ್ತದೆ. ಸೋಜಿಗವೆಂದರೆ, ಹೊಸ ಕಣ್ಣಿ ಹೊಸೆಯಬೇಕೆಂಬುದೂ ಅದೇ ಅಪ್ಪಣೆಯಲ್ಲಿ ಸೇರಿರುತ್ತದೆ! ಸುಮಾರು ಒಂದು ತಾಸಿನಲ್ಲಿ ಆ ಕಣ್ಣಿ ಸಿದ್ಧವಾಗಿ ಅದನ್ನು ಮತ್ತೆ ಕಟ್ಟುತ್ತದೆ. ಕೆಲಸ ಮುಗಿಸಿದ ಬಿಳಿ ಕಣಗಳು ತಾವಾಗಿ ಸಾಯುತ್ತವೆ. ಬೇರೆ ದೊಡ್ಡ ಕಣಗಳು ಅವನ್ನು ನುಂಗಿ, ಇನ್ನು ಸಾಕೆಂಬ ಸುದ್ದಿ ಕಳುಹಿಸುತ್ತವೆ.

ಈ ಏರ್ಪಾಡು ಸಾಲದೆ ಹೋದರೆ ಏನಾಗುವುದೆಂಬುದನ್ನು ಕುಷ್ಠರೋಗದಲ್ಲಿ ಕಾಣಬಹುದು. ಮದ್ದು ನುಂಗುತ್ತಿರುವಾಗ, ಮುಗಿಸಿದ ಮೇಲೂ ಕೂಡ, ಕೆಲವರ ಮಚ್ಚೆಗಳು ಏಕಾಏಕಿ ಕೆಂಪೇರಿ ಬಾತುಕೊಳ್ಳುತ್ತವೆ. ಮೊಳಕೈ ಬಳಿಯ ನರ ನೋಯುತ್ತದೆ. ಕಿರುಬೆರಳು ಜೋಮು ಹಿಡಿದು ಬಲ ಕಳೆದುಕೊಳ್ಳುತ್ತದೆ. ಸತ್ತ ಕ್ರಿಮಿಗಳ ಮೇಲೂ ಮೈ ಕಾದಾಡುತ್ತಿರುತ್ತದೆ, ಪೆಟ್ಟು ಬೀಳುವುದು ನರಕ್ಕೆ. ಮದ್ದು ಒಗ್ಗಲಿಲ್ಲವೆಂದು ಆಗ ಗುಳಿಗೆ ಬಿಟ್ಟುಬಿಡಬೇಡಿರಿ. ಅಂದೇ ಸರಕಾರಿ ದವಾಖಾನೆಗೆ ಹೋಗಿರಿ. ಅಲ್ಲಿ ಕುಷ್ಠದ ಮದ್ದು ಪುಕ್ಕಟೆ. ನರದ ಬಾವಿಗೆ ವೈದ್ಯರು ಪ್ರೆಡ್ನಿಸೊಲೋನ್ ಕೊಡುತ್ತಾರೆ. ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಬಾವು ಅಡಗಿಸಲು ಸುರಿಸುವ ರಸದ ಜಾತಿಯದೇ ಅದು. ಆ ರಸಗಳ ಶೋಧನೆಗಾಗಿ ಕೆಂಡಾಲ್, ರೈಕ್‌ಸ್ಟೈನ್ ಮತ್ತು ಹೆಂಚ್ ಎಂಬವರಿಗೆ 1950ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹೊತ್ತು ಮೀರದೆ ಕೊಟ್ಟರೆ ಅನೇಕರ ಬೆರಳಿನ ಬಲ ಉಳಿಯುತ್ತದೆ. ತಿಂಗಳುಗಟ್ಟಲೆ ತಡವಾದರೆ ಕೈ ಸೊಟ್ಟಗಾಗಿ ಕುಡುಗೋಲು ಹಿಡಿಯುವುದೇ ಕಷ್ಟ.

ಇಂಥ ಗುಳಿಗೆಯನ್ನೇ ಮೊಣಕಾಲು ನೋವಿಗೆಂದು ಅಂಗಡಿಯಿಂದ ತಂದು ನುಂಗುವವರೂ ಇದ್ದಾರೆ. ಬಹುದಿನ ನುಂಗಿದರೆ ಮೈಯ ಸ್ವಂತ ಗ್ರಂಥಿಗಳು ಕೆಲಸ ಬಿಡುತ್ತವೆ, ರಕ್ತದಲ್ಲಿ ಸಕ್ಕರೆ ಏರುತ್ತದೆ, ಎಲುಬು ಸವೆಯುತ್ತದೆ. ಹಾಗೆಂದು ಥಟ್ಟನೆ ನಿಲ್ಲಿಸಲೂ ಬಾರದು, ಪ್ರಾಣಕ್ಕೇ ಅಪಾಯ. ಎಷ್ಟು ದಿನದಿಂದ ನುಂಗುತ್ತಿದ್ದೀರೆಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿ, ಅವರು ಹೇಳಿದಂತೆ ಸ್ವಲ್ಪ ಸ್ವಲ್ಪವಾಗಿ ಇಳಿಸಿರಿ.