ಕೊಲ್ಲದೆ ಕಾಯುವ ವೈರಸ್



ನಾನು ಇಲ್ಲಿ ಓದುತ್ತಿದ್ದ ಕಾಲಕ್ಕೆ ನಮ್ಮ ಪ್ರಯೋಗಶಾಲೆಯಲ್ಲಿದ್ದುದು ಒಂದೇ ಒಂದು ಸೂಕ್ಷ್ಮದರ್ಶಕ. ಈರುಳ್ಳಿಯ ಸಿಪ್ಪೆಯ ಜೀವಕೋಶಗಳನ್ನು ನೋಡಲು ಸಾಲುಗಟ್ಟಿ ನಿಲ್ಲುತ್ತಿದ್ದೆವು. ಅದರಲ್ಲಿ ಬ್ಯಾಕ್ಟೀರಿಯಾಗಳನ್ನು ಕಾಣುವುದೇ ದುಸ್ತರವಾಗಿತ್ತು. ಇಂದು ನಾನು ಹೇಳಹೊರಟಿರುವುದು ಆ ಬ್ಯಾಕ್ಟೀರಿಯಾಗಳೊಳಗೆ ಹೊಕ್ಕು ಕೂರುವ, ಅವಕ್ಕಿಂತಲೂ ಎಷ್ಟೋ ಪಾಲು ಕಿರಿದಾದ ವೈರಸ್ಸುಗಳ ಕಥೆ.

ಇವುಗಳ ಇರವನ್ನು 1915ರಲ್ಲಿ ಇಂಗ್ಲೆಂಡಿನ ಟ್ವೋರ್ಟ್, 1917ರಲ್ಲಿ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿದ್ದ ಡೆರೆಲ್ ಬೇರೆ ಬೇರೆಯಾಗಿ ಗುರುತಿಸಿದರು. ಬ್ಯಾಕ್ಟೀರಿಯಾವನ್ನು ತಿನ್ನುವಂಥದು ಎಂಬ ಅರ್ಥದಲ್ಲಿ ಡೆರೆಲ್ ಇಟ್ಟ ಹೆಸರು ಬ್ಯಾಕ್ಟೀರಿಯೋಫೇಜ್. ನಾವು ಫೇಜ್ ಎನ್ನೋಣ. ಅದರ ಸಾಮಾನ್ಯ ನಡೆ ಸರಳ. ಬ್ಯಾಕ್ಟೀರಿಯಾದ ಮೈಗೆ ಅಂಟಿ, ತನ್ನ ಡಿಎನ್‌ಎಯನ್ನು ಒಳಗೆ ಇಳಿಬಿಡುತ್ತದೆ. ಒಂದು ಗಂಟೆ ಕಳೆಯುವುದರೊಳಗೆ ನೂರರಷ್ಟು ಮರಿಫೇಜುಗಳು ಆತಿಥೇಯನನ್ನೇ ಒಡೆದು ಹೊರಬೀಳುತ್ತವೆ.

ಆದರೆ ಕೆಲವು ಬ್ಯಾಕ್ಟೀರಿಯಾಗಳ ವರ್ತನೆ ಈ ಲೆಕ್ಕಕ್ಕೆ ಒಗ್ಗಲಿಲ್ಲ. ತಲೆಮಾರುಗಳ ಕಾಲ ಆರೋಗ್ಯವಾಗಿಯೇ ಬೆಳೆಯುತ್ತಿದ್ದರೂ ಅವು ಬೆಳೆದ ದ್ರವದಲ್ಲಿ ಫೇಜ್ ತಪ್ಪದೆ ಸಿಗುತ್ತಿತ್ತು. ಇದು ಹೊರಗಿನಿಂದ ಬೆರೆತ ಕಲ್ಮಶವೆಂದು ಹಲವರು ತಳ್ಳಿಹಾಕಿದರು. ಹಾಗೆ ತಳ್ಳಿಹಾಕದವರು ಪಾಸ್ಚರ್ ಸಂಸ್ಥೆಯ ಯೂಜೀನ್ ಮತ್ತು ಎಲಿಸಬೆತ್ ವೋಲ್ಮನ್ ದಂಪತಿಗಳು. 1930ರ ದಶಕದಲ್ಲಿ ಅವರು ಇಂಥ ಬ್ಯಾಸಿಲಸ್ಸುಗಳನ್ನು ಕೃತಕವಾಗಿ ಒಡೆದು ನೋಡಿದರು. ಒಳಗೆ ಸೋಂಕು ತರಬಲ್ಲ ಫೇಜ್ ಇರಲಿಲ್ಲ. ಹಾಗಾದರೆ ವೈರಸ್ಸು ಅಲ್ಲಿ ಬೇರಾವುದೋ ರೂಪದಲ್ಲಿ, ಆನುವಂಶಿಕ ಗುಣದಂತೆ ಅಡಗಿದೆಯೆಂಬುದು ಅವರ ಊಹೆ. ಅದನ್ನು ಪೂರ್ಣವಾಗಿ ಸಾಧಿಸಲು ಕಾಲ ಅವರಿಗೆ ಅವಕಾಶ ಕೊಡಲಿಲ್ಲ. ಯೆಹೂದಿಗಳಾಗಿದ್ದ ಅವರನ್ನು 1943ರ ಡಿಸೆಂಬರಿನಲ್ಲಿ ನಾಜಿಗಳು ಆಶ್‌ವಿಟ್ಸ್ ಶಿಬಿರಕ್ಕೆ ಸಾಗಿಸಿದರು. ಅವರು ಮರಳಿ ಬರಲಿಲ್ಲ.

ಯುದ್ಧಾನಂತರ ಅದೇ ಸಂಸ್ಥೆಯ ಅಟ್ಟದ ಕೋಣೆಯಲ್ಲಿ ಆಂದ್ರೆ ಲ್ವೋಫ್ ಈ ಎಳೆಯನ್ನು ಮತ್ತೆ ಕೈಗೆತ್ತಿಕೊಂಡರು. ಅವರ ಪ್ರಯೋಗದ ತಾಳ್ಮೆಯನ್ನು ನೋಡಿ. ಒಂದು ಸೂಕ್ಷ್ಮ ಹನಿಯಲ್ಲಿ ಒಂದೇ ಒಂದು ಬ್ಯಾಸಿಲಸ್. ಅದು ಎರಡಾಗಿ ಒಡೆದೊಡನೆ ಒಂದನ್ನು ಹೊರತೆಗೆದು, ಸುತ್ತಲಿನ ದ್ರವದಲ್ಲಿ ಫೇಜ್ ಇದೆಯೇ ಎಂದು ಪರೀಕ್ಷಿಸಬೇಕು. ಉಳಿದುದನ್ನು ಮತ್ತೆ ಬೆಳೆಯಗೊಡಬೇಕು. ಹೀಗೆ 19 ವಿಭಜನೆಗಳ ತನಕ ದ್ರವದಲ್ಲಿ ಫೇಜ್ ಸಿಗಲಿಲ್ಲ. ಆದರೂ ಸಂತತಿಗೆ ಫೇಜ್ ಹುಟ್ಟಿಸುವ ಶಕ್ತಿ ಉಳಿದೇ ಇತ್ತು. ಎಂದಾದರೊಮ್ಮೆ ಒಂದು ಬ್ಯಾಸಿಲಸ್ ಕಣ್ಣೆದುರೇ ಮಾಯವಾಗುತ್ತಿತ್ತು, ಆ ಹನಿಯಲ್ಲಿ ಮಾತ್ರ ಫೇಜುಗಳು ತುಂಬಿರುತ್ತಿದ್ದವು. ಅಡಗಿರುವ ಈ ರೂಪಕ್ಕೆ ಪ್ರೊಫೇಜ್ ಎಂದು ಹೆಸರಾಯಿತು. 1950ರಲ್ಲಿ ಲ್ವೋಫ್ ಮತ್ತು ಸಂಗಡಿಗರು ಅತಿನೇರಳೆ ಕಿರಣ ಬೀರಿದಾಗ ಬ್ಯಾಸಿಲಸ್ಸುಗಳು ಸ್ವಲ್ಪ ಹೊತ್ತು ಎಂದಿನಂತೆ ಬೆಳೆದು, ಬಳಿಕ ಬಹುತೇಕ ಎಲ್ಲವೂ ಒಡೆದುಹೋದವು. ಮಲಗಿದ್ದುದು ಎದ್ದಿತ್ತು.

ಮುಂದೆ ಈ ವಿಷಯದಲ್ಲಿ ಫ್ರಾನ್ಸ್ವಾ ಜಾಕೊಬ್ ಅವರ ಜತೆಗೂಡಿ ದುಡಿದವರು ಎಲಿ ವೋಲ್ಮನ್. ಆ ದಂಪತಿಗಳ ಮಗ. 1965ರ ನೊಬೆಲ್ ಪಾರಿತೋಷಕ ಲ್ವೋಫ್, ಜಾಕೊಬ್ ಮತ್ತು ಮೊನೊ ಅವರಿಗೆ ಸಂದಿತು. ಆ ಮೂರು ಹೆಸರುಗಳನ್ನು ಓದುವಾಗಲೆಲ್ಲ ನನಗೆ ಪಟ್ಟಿಯಲ್ಲಿಲ್ಲದ ಎರಡು ಹೆಸರುಗಳ ನೆನಪಾಗುತ್ತದೆ.

ಪ್ರೊಫೇಜ್ ಮಲಗುವುದೆಲ್ಲಿ? ಇದಕ್ಕೆ ಚೆನ್ನಾಗಿ ಉತ್ತರ ಕೊಟ್ಟದ್ದು ಲ್ಯಾಂಬ್ಡಾ ಎಂಬ ಫೇಜ್. ಅಮೆರಿಕದ ಎಸ್ತರ್ ಲೆಡರ್‌ಬರ್ಗ್ ಅದನ್ನು ಎಶ್ಚೆರಿಚಿಯಾ ಕೋಲಿಯ ಕೆ-12 ಎಂಬ ತಳಿಯಲ್ಲಿ ಕಂಡು 1951ರಲ್ಲಿ ಪ್ರಕಟಿಸಿದರು. ಆ ತಳಿ 1922ರಿಂದಲೂ ಪ್ರಯೋಗಶಾಲೆಗಳಲ್ಲಿತ್ತು; ಒಳಗಿನ ಅತಿಥಿಯ ಸುಳಿವು ಯಾರಿಗೂ ಸಿಕ್ಕಿರಲಿಲ್ಲ. ಲ್ಯಾಂಬ್ಡಾದ ಡಿಎನ್‌ಎಯಲ್ಲಿ 48,502 ಅಕ್ಷರಜೋಡಿಗಳಿವೆ. ಅದು ಆತಿಥೇಯನ ಡಿಎನ್‌ಎಯ ಗೊತ್ತಾದ ಒಂದು ತಾಣದಲ್ಲಿ ಹೊಲಿಗೆ ಹಾಕಿದಂತೆ ಸೇರಿಕೊಳ್ಳುತ್ತದೆ; ಬ್ಯಾಕ್ಟೀರಿಯಾ ತನ್ನದನ್ನು ನಕಲು ಮಾಡಿದಾಗಲೆಲ್ಲ ಇದೂ ನಕಲಾಗುತ್ತದೆ. ನಿದ್ದೆಯಲ್ಲೂ ಅದು ಒಂದು ಕೆಲಸ ಬಿಡುವುದಿಲ್ಲ: ರಿಪ್ರೆಸರ್ ಎಂಬ ಪ್ರೋಟೀನನ್ನು ತಯಾರಿಸಿ ತನ್ನ ಮಾರಕ ಜೀನುಗಳನ್ನು ತಾನೇ ಅದುಮಿಡುತ್ತದೆ. ಹೊರಗಿನಿಂದ ಇನ್ನೊಂದು ಲ್ಯಾಂಬ್ಡಾ ನುಗ್ಗಿದರೆ ಅದರ ಬಾಯನ್ನೂ ಇದೇ ಪ್ರೋಟೀನು ಕಟ್ಟುತ್ತದೆ. ಆತಿಥೇಯನ ಡಿಎನ್‌ಎಗೆ ದೊಡ್ಡ ಪೆಟ್ಟು ಬಿದ್ದಾಗ ಮಾತ್ರ ರಿಪ್ರೆಸರ್ ತುಂಡಾಗುತ್ತದೆ, ಬಂಧ ಕಳಚುತ್ತದೆ. ಮುಳುಗುವ ದೋಣಿಯಿಂದ ಹಾರಿಕೊಳ್ಳುವ ಲೆಕ್ಕಾಚಾರವಿದು.

ಗಡಿಯಾಚೆ ನೂರು ವರ್ಷ ಬಾಳಿದ ಕನ್ನಡ ಶಾಲೆಯಲ್ಲಿ ನಿಂತು ಇದನ್ನು ವಿವರಿಸುವಾಗ ಹೋಲಿಕೆಯೊಂದು ನಾಲಗೆಯ ತುದಿಗೆ ಬರುತ್ತದೆ. ವೈರಸ್ಸಿಗೆ ಹೋಲಿಸಿದನೆಂದು ಹಿರಿಯರು ಮುನಿದಾರೆಂದು ನುಂಗಿಕೊಳ್ಳುತ್ತೇನೆ.

ಅತಿಥಿ ಸುಮ್ಮನಿರುವುದೂ ಇಲ್ಲ. ಆತಿಥೇಯನ ಸ್ವಭಾವವನ್ನೇ ಬದಲಿಸಬಲ್ಲದು. ನಮ್ಮ ಅಜ್ಜಿಯರು ಗಂಟಲಮಾರಿ ಎಂದು ಹೆದರುತ್ತಿದ್ದ ಡಿಫ್ತೀರಿಯಾವನ್ನೇ ನೋಡಿ. 1951ರಲ್ಲಿ ಫ್ರೀಮನ್ ಎಂಬ ಅಮೆರಿಕದ ವಿಜ್ಞಾನಿ, ನಿರಪಾಯಕಾರಿ ಡಿಫ್ತೀರಿಯಾ ಬ್ಯಾಕ್ಟೀರಿಯಾಗಳಿಗೆ ಒಂದು ಫೇಜ್ ತಗಲಿದರೆ ಅವು ವಿಷಕಾರಿಯಾಗುವುದನ್ನು ತೋರಿಸಿದರು. ಮಗುವಿನ ಉಸಿರು ಕಟ್ಟಿಸುವ, ಹೃದಯವನ್ನು ಕೆಡಿಸುವ ಆ ವಿಷದ ಜೀನು ಬ್ಯಾಕ್ಟೀರಿಯಾದ್ದಲ್ಲ, ಒಳಗೆ ಸೇರಿದ ಫೇಜಿನದು. ಕಾಲರಾದ ಕಥೆಯೂ ಹೀಗೆಯೇ: ಕಲಕತ್ತೆಯ ಶಂಭುನಾಥ ಡೇ 1959ರಲ್ಲಿ ಪ್ರಯೋಗದಿಂದ ತೋರಿಸಿದ ಕಾಲರಾ ವಿಷವನ್ನು ಹೊತ್ತು ತರುವುದು ಕೂಡ ಒಂದು ಫೇಜ್ ಎಂಬುದು 1996ರಲ್ಲಿ ತಿಳಿಯಿತು.

ಎದುರಿಗೆ ಕುಳಿತಿರುವ ಐದನೆಯ ತರಗತಿಯ ಮಕ್ಕಳೇ, ಹತ್ತು ತುಂಬಿದಾಗ ನಿಮ್ಮ ತೋಳಿಗೆ ಚುಚ್ಚುವ ಟಿಡಿ ಲಸಿಕೆಯಲ್ಲಿ ಡಿಫ್ತೀರಿಯಾದ ಪಾಲು ಆ ವಿಷವನ್ನೇ ನಿರ್ವಿಷಗೊಳಿಸಿ ತಯಾರಿಸಿದ್ದು. ನೋವಾದರೆ ಅಳಿ, ಬೇಡವೆನ್ನುವುದಿಲ್ಲ. ಆದರೆ ಚುಚ್ಚುವ ದಾದಿಯನ್ನು ಒಮ್ಮೆ ಕೇಳಿ ನೋಡಿ: ಈ ವಿಷದ ಬರಹ ಮೊದಲು ಯಾರದಾಗಿತ್ತು ಎಂದು.